ಸ್ಕೂಟರಿನಲ್ಲಿ ಒಯ್ಯಬಹುದಾದ ಬೇಸ್ ಆಂಪ್: ಪ್ರಾಕ್ಟೀಸಿಗೂ ಸಣ್ಣ ಪ್ರೋಗ್ರಾಮಿಗೂ ಒಂದೇ ಸಾಕಾ?

ಕಡಲತಂತಿ (ಮಂಗಳೂರು)

ನಮ್ಮದು ನಾಲ್ಕು ಜನರ ತಂಡ. ಕೀಬೋರ್ಡ್, ಅಕೂಸ್ಟಿಕ್ ಗಿಟಾರ್, ಕಹೋನ್ (ಕೂತು ಬಾರಿಸುವ ಮರದ ಪೆಟ್ಟಿಗೆ), ಬೇಸ್ ಗಿಟಾರ್. ಪ್ರಾಕ್ಟೀಸ್ ಮಾಡುವುದು ತಾರಸಿ ಮನೆಯ ಮೇಲಿನ ಕೋಣೆಯಲ್ಲಿ, 14 ಅಡಿ ಉದ್ದ, 12 ಅಡಿ ಅಗಲ. ಪ್ರೋಗ್ರಾಂ ಅಂದ್ರೆ ಕೆಫೆ, ಹುಟ್ಟುಹಬ್ಬ, ಮದುವೆಮನೆಯ ರೋಸ್ (ಮದುವೆಗೆ ಮೊದಲಿನ ಸಂಭ್ರಮ). 50ರಿಂದ 80 ಜನ ಇರ್ತಾರೆ. ಕೆಲವು ಕಡೆ ಸೌಂಡ್‌ನವರು ಇರ್ತಾರೆ, ಕೆಲವು ಕಡೆ ಹಾಡುವವರಿಗೆ ಅಂತ ಸ್ಟ್ಯಾಂಡಿನ ಮೇಲೆ ಎರಡು ಸ್ಪೀಕರ್ ಮಾತ್ರ. ಈಗ ಬೇಸನ್ನು ಕೀಬೋರ್ಡ್ ಆಂಪಿಗೇ (ಶಬ್ದ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಹಾಕ್ತಾ ಇದ್ದೇವೆ. ಎರಡೂ ಸೇರಿ ಗೊಜ್ಜಾಗ್ತದೆ, ಒಂದೂ ಕೇಳುವುದಿಲ್ಲ.

ಬೇಸಿಗೇ ಅಂತ ಒಂದು ಆಂಪ್ ತೆಗೆದುಕೊಳ್ಳಬೇಕು. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಕೂರಬೇಕು, ಒಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುವ ಹಾಗಿರಬೇಕು. ಕೈಯಲ್ಲಿ ಸುಮಾರು 30,000 ರೂಪಾಯಿ ಉಂಟು, ಸೆಕೆಂಡ್ ಹ್ಯಾಂಡ್ ಆದ್ರೂ ಅಡ್ಡಿಯಿಲ್ಲ. ಎಷ್ಟು ವ್ಯಾಟ್ ಬೇಕು? ಸ್ಪೀಕರ್ 8 ಇಂಚಾ, 10 ಇಂಚಾ, 12 ಇಂಚಾ? ಸದ್ಯ ನಾಲ್ಕು ತಂತಿಯ ಬೇಸ್, ಮುಂದೆ ಐದು ತಂತಿಯದಕ್ಕೆ ಹೋಗುವ ಯೋಚನೆ ಉಂಟು. ಸಂಬಂಧಿಕರೊಬ್ಬರು ಅಮೆರಿಕದಿಂದ ಬರುವವರಿದ್ದಾರೆ. ಅವರ ಕೈಲಿ ತರಿಸಬಹುದಾ?

ಮಂದ್ರ

ವ್ಯಾಟಿನಿಂದ ಶುರು ಮಾಡಿದರೆ ದಾರಿ ತಪ್ಪುತ್ತೆ. ಬೇಸ್ ಆಂಪಿನಲ್ಲಿ ಮೊದಲು ನೋಡಬೇಕಾದ್ದು ಸ್ಪೀಕರ್, ಆಮೇಲೆ ಅದು ಕೂತಿರುವ ಪೆಟ್ಟಿಗೆ, ಕೊನೆಗೆ ವ್ಯಾಟ್.

ಲೆಕ್ಕ ಹೀಗೆ. ಸ್ಪೀಕರಿನ ಸೆನ್ಸಿಟಿವಿಟಿ ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸಿಗುತ್ತೆ ಅನ್ನೋದು. 92 ಡೆಸಿಬೆಲ್‌ನ ಒಂದು 8 ಇಂಚಿನ ಸ್ಪೀಕರಿಗೆ 40 ವ್ಯಾಟ್ ಕೊಟ್ಟರೆ 108 ಡೆಸಿಬೆಲ್. 97 ಡೆಸಿಬೆಲ್‌ನ 12 ಇಂಚಿಗೆ 100 ವ್ಯಾಟ್ ಕೊಟ್ಟರೆ 117. ನಡುವಿನ 9 ಡೆಸಿಬೆಲ್‌ನಲ್ಲಿ 5 ಬಂದಿದ್ದು ಸ್ಪೀಕರಿನಿಂದ, 4 ಮಾತ್ರ ವ್ಯಾಟಿನಿಂದ. ವ್ಯಾಟ್ ದುಪ್ಪಟ್ಟಾದರೆ ಸಿಗೋದು 3 ಡೆಸಿಬೆಲ್, ಕಿವಿಗೆ "ಸ್ವಲ್ಪ ಜಾಸ್ತಿಯಾಯ್ತು" ಅನ್ನಿಸುವಷ್ಟು. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 40 ವ್ಯಾಟಿನದು ಬಿಟ್ಟು ಅದೇ ಸ್ಪೀಕರ್ ಇರುವ 60 ವ್ಯಾಟಿನದು ತಗೊಂಡರೆ ದುಡ್ಡು ಕೊಟ್ಟಿದ್ದು ಡಬ್ಬದ ಮೇಲಿನ ಅಂಕಿಗೆ. ಅಂಗಡಿಯಲ್ಲಿ "300 ವ್ಯಾಟ್ ಪೀಕ್" ಅಂದರೆ ಆರ್‌ಎಂಎಸ್ (ಸತತವಾಗಿ ಕೊಡುವ ವ್ಯಾಟ್) ಎಷ್ಟು, ಎಷ್ಟು ಓಮಿಗೆ (ಸ್ಪೀಕರಿನ ತಡೆ) ಅಂತ ಕೇಳಿ. ಉತ್ತರ ಬರದಿದ್ದರೆ ಮುಂದಿನದನ್ನು ನೋಡಿ.

ಇನ್ನು ಕೆಳಸ್ವರದ ವಿಷಯ. ಬೇಸಿನ ದಪ್ಪ ತಂತಿ ಇ 41 ಹರ್ಟ್ಜ್, ಎ 55, ಡಿ 73, ಜಿ 98. ಒಯ್ಯಬಹುದಾದ ಯಾವ ಪೆಟ್ಟಿಗೆಯೂ 41 ಹರ್ಟ್ಜನ್ನು ಜೋರಾಗಿ ಕೊಡೋದಿಲ್ಲ. 8 ಇಂಚಿನವು ಸುಮಾರು 60–70 ಹರ್ಟ್ಜಿನಿಂದಲೇ ಇಳಿಯೋಕೆ ಶುರು. ಆದರೂ ಆ ಇ ಸ್ವರ ನಮಗೆ ಕೇಳುತ್ತೆ, ಯಾಕೆಂದರೆ ತಂತಿಯಲ್ಲಿ 82 ಮತ್ತು 123 ಹರ್ಟ್ಜಿನ ಹಾರ್ಮೋನಿಕ್‌ಗಳಿವೆ (ಅದರ ಎರಡು, ಮೂರು ಪಟ್ಟಿನ ಮೇಲ್ಸ್ವರಗಳು), ತಳದ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತೆ. ಸಣ್ಣ ಆಂಪಿನಿಂದ ಕೆಲಸ ತೆಗೆಯಬೇಕಾದರೆ ಇದನ್ನೇ ಹಿಡಿಯಬೇಕು. 80ರಿಂದ 800 ಹರ್ಟ್ಜ್ ಚೊಕ್ಕವಾಗಿ ಬರಲಿ, 40 ಹರ್ಟ್ಜನ್ನು ಬಲವಂತವಾಗಿ ಎಬ್ಬಿಸೋಕೆ ಹೋಗಬೇಡಿ.

ಎಲ್ಲರೂ ಎಡವುವ ಜಾಗ ಒಂದಿದೆ. ಬೇಸ್ ಕೇಳ್ತಿಲ್ಲ ಅಂತ ಕೈ ಹೋಗೋದು ಬೇಸ್ ನಾಬಿಗೆ. ಅಲ್ಲಿ 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ವ್ಯಾಟ್ ಬೇಕು. 10 ವ್ಯಾಟಿನಲ್ಲಿ ಆರಾಮಾಗಿ ನಡೆಯುತ್ತಿದ್ದ 40 ವ್ಯಾಟ್ ಆಂಪ್ ಆ ಒಂದು ತಿರುವಿಗೆ ಕೊನೆ ಮುಟ್ಟುತ್ತೆ. ಸ್ಪೀಕರಿನ ಮುಂಭಾಗದ ಕೋನ್ ಅಳತೆ ಮೀರಿ ಹಿಂದೆಮುಂದೆ ಓಡಿ ಪರ್ ಅಂತ ಹರಿದ ಶಬ್ದ ಬರುತ್ತೆ. ಬೇಸ್ ನಾಬ್ ನಡುವಿನಲ್ಲಿರಲಿ, 200–300 ಹರ್ಟ್ಜ್ ಸ್ವಲ್ಪ ಇಳಿಸಿ, 700–1000 ಹರ್ಟ್ಜ್ ಸ್ವಲ್ಪ ಏರಿಸಿ. ಒಬ್ಬರೇ ಕೂತು ನುಡಿಸುವಾಗ ಈ ನಾದ ಒಣ ಅನ್ನಿಸುತ್ತೆ. ತಂಡದ ಜತೆ ನಿಂತಾಗ ಸ್ವರ ಸ್ವರವೂ ಬೇರೆಬೇರೆ ಕೇಳುತ್ತೆ. ಕೀಬೋರ್ಡಿನವರಿಗೂ ಒಂದು ಮಾತು ಹೇಳಿಡಿ: ಬೇಸ್ ಇರುವಾಗ ಎಡಗೈ ಒಂದು ಸ್ಥಾಯಿ ಮೇಲೆ ಇರಲಿ. ಗೊಜ್ಜಿನಲ್ಲಿ ಅರ್ಧ ಅಲ್ಲಿಂದಲೇ ಬರ್ತಿರುತ್ತೆ.

ನಿಮ್ಮ ಕೆಲಸಕ್ಕೆ: ಕಹೋನ್ ಮಾತ್ರ ಅಂದರೆ 40–60 ವ್ಯಾಟಿನ 10 ಇಂಚು ಸಾಕು. ಡ್ರಮ್ ಸೆಟ್ ಬಂದರೆ ಸಾಲದು, 100 ವ್ಯಾಟಿನ 12 ಇಂಚಿಗೆ ಹೋಗಿ. ಫೆಂಡರ್ ರಂಬಲ್ 40 (10 ಇಂಚು, ಸುಮಾರು 8 ಕೆ.ಜಿ.), ರಂಬಲ್ 100 (12 ಇಂಚು, ಸುಮಾರು 10 ಕೆ.ಜಿ.), ಆಂಪೆಗ್ ಆರ್‌ಬಿ-110 (50 ವ್ಯಾಟ್, 10 ಇಂಚು), ಆರ್‌ಬಿ-112 (100 ವ್ಯಾಟ್, 12 ಇಂಚು), ಬಾಸ್ ಕಂಪನಿಯ ಕಟಾನಾ-110 (60 ವ್ಯಾಟ್, 10 ಇಂಚು, ಮೇಲಿನ ಸ್ವರಗಳಿಗೆ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್ ಸಮೇತ) ಇಷ್ಟನ್ನು ನೋಡಿ. ಎರಡು 10 ಇಂಚಿನ, 500 ವ್ಯಾಟಿನ ರಂಬಲ್ 500 ಜೋರಾಗೇನೋ ಇದೆ, ಆದರೆ 16 ಕೆ.ಜಿ. ದಾಟುತ್ತೆ. ಸ್ಕೂಟರ್ ಮಾತು ಅಲ್ಲಿಗೆ ಮುಗಿಯಿತು.

ಹಿಂದುಗಡೆ ಎಕ್ಸ್‌ಎಲ್‌ಆರ್ ಲೈನ್ ಔಟ್ (ಮಿಕ್ಸರಿಗೆ ಶಬ್ದ ಕಳಿಸುವ ಮೂರು ಪಿನ್ನಿನ ಜಾಕ್) ಇಲ್ಲದ್ದನ್ನು ಮುಟ್ಟಲೇಬೇಡಿ. 80 ಜನರಿಗೆ ಬೇಸ್ ಮುಟ್ಟಿಸೋದು ಸೌಂಡ್‌ನವರ ಸ್ಪೀಕರಿನ ಕೆಲಸ. ನಿಮ್ಮ ಆಂಪ್ ಇರೋದು ನಿಮಗೆ ಮತ್ತು ಪಕ್ಕದವರಿಗೆ ಕೇಳಿಸೋಕೆ.

ಸೌಂಡ್‌ಚೆಕ್

ಮಂದ್ರ ಅವರ ಲೆಕ್ಕ ಸರಿ, ತೀರ್ಮಾನ ಪೂರ್ತಿ ಒಪ್ಪೋದಿಲ್ಲ. ಸೌಂಡ್‌ನವರೇ ಇಲ್ಲದ ಕಡೆ ಏನು ಮಾಡ್ತಾರೆ? ಹಾಡುವವರ ಎರಡು ಸ್ಪೀಕರ್ 8 ಅಥವಾ 10 ಇಂಚಿನವಾಗಿದ್ದರೆ, ಅದರೊಳಗೆ ಬೇಸ್ ಲೈನ್ ಹಾಕಿದ ತಕ್ಷಣ ಹಾಡೂ ಕೆಡುತ್ತೆ. ಒಂದೊಂದು ಇ ಸ್ವರಕ್ಕೂ ಸ್ಪೀಕರ್ ಕಾಪಾಡುವ ಲಿಮಿಟರ್ ಒತ್ತಿ ಧ್ವನಿ ಕುಗ್ಗುತ್ತೆ, ಜನಕ್ಕೆ ಹಾಡುವವರು ಏದುಸಿರು ಬಿಡ್ತಿದ್ದಾರೆ ಅನ್ನಿಸುತ್ತೆ. ಸಬ್‌ವೂಫರ್ ಇಲ್ಲದ ಕಾಲಂ ಸ್ಪೀಕರ್ (ಸಣ್ಣ ಸ್ಪೀಕರ್‌ಗಳ ಉದ್ದನೆಯ ಸಾಲು) ಆದರೆ ಅದರಲ್ಲಿ ಬೇಸ್ ಬರೋದೇ ಕಷ್ಟ.

ಇನ್ನೊಂದು ದಾರಿ: ಬೇಸ್ ಆಂಪ್ ಬದಲು ಒಳಗೇ ಆಂಪ್ ಇರುವ 12 ಇಂಚಿನ ಪಿಎ (ಸಭೆಗೆ ಕೇಳಿಸುವ) ಸ್ಪೀಕರ್ ಒಂದು, ಜತೆಗೆ ಬೇಸ್ ಪ್ರೀಆಂಪ್ ಪೆಡಲ್ (ಬೇಸಿನ ಸಿಗ್ನಲ್ ಸ್ಪೀಕರಿಗೆ ತಯಾರು ಮಾಡುವ ಪುಟ್ಟ ಪೆಟ್ಟಿಗೆ) ಒಂದು. ಸಣ್ಣ ಬೇಸ್ ಕಾಂಬೊಗಿಂತ (ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವುದು) ಜೋರು, ಟ್ವೀಟರ್ ಇರೋದರಿಂದ ಬೆರಳಿನ ಹೊಡೆತ ಚೆನ್ನಾಗಿ ಕೇಳುತ್ತೆ, ಬೇರೆ ದಿನ ಹಾಡಿಗೂ ಕೀಬೋರ್ಡಿಗೂ ಆಗುತ್ತೆ. ಪ್ರೀಆಂಪಿನ ಎಕ್ಸ್‌ಎಲ್‌ಆರ್ ಮಿಕ್ಸರಿಗೆ, ಕಾಲಿಂಚಿನ ಔಟ್ ನಿಮ್ಮ ಸ್ಪೀಕರಿಗೆ. ತೊಂದರೆಗಳೂ ಇವೆ. ಪ್ಲಾಸ್ಟಿಕ್ ಪೆಟ್ಟಿಗೆಯವು ಸುಮಾರು 14–18 ಕೆ.ಜಿ. ತೂಗುತ್ತವೆ. "1000 ವ್ಯಾಟ್" ಅಂತ ಬರೆದಿರೋದು ಪೀಕ್. ಒಳಗಿನ ಡಿಎಸ್‌ಪಿಯಲ್ಲಿ (ಶಬ್ದ ತಿದ್ದುವ ಡಿಜಿಟಲ್ ಭಾಗ) ಬೇಸ್ ಏರಿಸುವ ಆಯ್ಕೆ ಚಾಲೂ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಇಲ್ಲವಾದರೆ ಮೆಲ್ಲಗೆ ನುಡಿಸಿದಾಗ ದಪ್ಪ, ಜೋರಾಗಿ ನುಡಿಸಿದಾಗ ತೆಳು, ಹೀಗೆ ನಾದವೇ ಬದಲಾಗ್ತಾ ಹೋಗುತ್ತೆ.

ಬೇಸನ್ನು ನೇರವಾಗಿ ಪಿಎ ಸ್ಪೀಕರಿನ ಲೈನ್ ಇನ್‌ಪುಟ್ಟಿಗೆ ಚುಚ್ಚಬೇಡಿ. ಬ್ಯಾಟರಿ ಇಲ್ಲದ, ಅಂದರೆ ಪ್ಯಾಸಿವ್, ಪಿಕಪ್ಪಿಗೆ (ತಂತಿಯ ಕಂಪನ ಹಿಡಿಯುವ ಭಾಗ) 1 ಮೆಗಾಓಮ್ ಹತ್ತಿರದ ಇನ್‌ಪುಟ್ ಬೇಕು, ಲೈನ್ ಇನ್‌ಪುಟ್ 10–20 ಕಿಲೋಓಮ್. ಮೇಲಿನ ಸ್ವರಗಳ ಹೊಳಪು ಸತ್ತು, ಕಂಬಳಿ ಹೊದಿಸಿದ ಶಬ್ದ ಬರುತ್ತೆ. ಬ್ಯಾಟರಿ ಹಾಕುವ ಆ್ಯಕ್ಟಿವ್ ಬೇಸಿಗೆ ಈ ತೊಂದರೆ ಬಹುಪಾಲು ಇಲ್ಲ.

ಹೆಡ್ (ಆಂಪ್ ಮಾತ್ರ) ಬೇರೆ, ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಬೇರೆ ತಗೊಳ್ಳೋದು ಮೂರನೇ ದಾರಿ. ಟ್ರೇಸ್ ಎಲಿಯಟ್ ಎಲ್ಫ್ ಅನ್ನೋ ಹೆಡ್ ಒಂದು ಕೆ.ಜಿ.ಯೂ ತೂಗಲ್ಲ, 4 ಓಮಿಗೆ 200 ವ್ಯಾಟ್ ಕೊಡುತ್ತೆ. ಹಗುರ ಯಾಕೆಂದರೆ ಒಳಗೆ ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಸರ್ಕ್ಯೂಟು, ದೊಡ್ಡ ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಬದಲು ಎಸ್‌ಎಂಪಿಎಸ್ (ಹಗುರವಾದ ಸ್ವಿಚಿಂಗ್ ಪವರ್ ಸಪ್ಲೈ). ಆದರೆ ಹಗುರವಾದ ನಿಯೋಡಿಮಿಯಂ ಸ್ಪೀಕರಿನ ಕ್ಯಾಬ್ ಸೇರಿಸಿದರೆ 30,000ದಲ್ಲಿ ಮುಗಿಯೋದು ಕಷ್ಟ. ಹೆಡ್ಡಿಗೂ ಕ್ಯಾಬಿಗೂ ನಡುವೆ ಗಿಟಾರ್ ಕೇಬಲ್ ಹಾಕಬಾರದು. ಅದರೊಳಗಿನ ತಂತಿ ಕೂದಲೆಳೆಯಷ್ಟು, ಬಿಸಿಯಾಗಿ ಶಾರ್ಟ್ ಆದರೆ ಹೆಡ್ಡೇ ಹೋಗುತ್ತೆ. ಸ್ಪೀಕಾನ್ ಪ್ಲಗ್ ಹಾಕಿದ ದಪ್ಪ ಸ್ಪೀಕರ್ ಕೇಬಲ್ಲೇ ಬೇಕು. ಮುಂದೆ ಎರಡು ಕ್ಯಾಬ್ ಹಾಕುವ ಯೋಚನೆ ಇದ್ದರೆ ಎರಡೂ 8 ಓಮಿನವಾಗಿರಲಿ, ಸೇರಿ 4 ಓಮ್ ಆಗುತ್ತೆ. 4 ಓಮಿನ ಎರಡು ಸೇರಿದರೆ 2 ಓಮ್, ಬಹಳಷ್ಟು ಹೆಡ್‌ಗಳು ಅದಕ್ಕೆ ತಯಾರಿರೋದಿಲ್ಲ.

ಕಡಲತಂತಿ

ಇಬ್ಬರಿಗೂ ಥ್ಯಾಂಕ್ಸ್. 14–18 ಕೆ.ಜಿ. ಆಗ್ಲಿಕ್ಕಿಲ್ಲ ಮಾರಾಯ್ರೆ, ಹಾಗಾಗಿ ಪಿಎ ಸ್ಪೀಕರ್ ಬಿಟ್ಟೆ. 10 ಕೆ.ಜಿ. ಒಳಗಿನ 12 ಇಂಚಿನ ಕಾಂಬೊ ಕಡೆ ಮನಸ್ಸು ಉಂಟು. ಐದು ತಂತಿಗೆ ಅದೇ ನಡೀತದಾ? ಬ್ಯಾಟರಿಯಲ್ಲಿ ಓಡುವ ಸಣ್ಣವು ಹೇಗೆ? ಅಮೆರಿಕದ್ದರ ಬಗ್ಗೆ ಯಾರೂ ಹೇಳ್ಲಿಲ್ಲ.

ಬೆಸುಗೆ

ಅಮೆರಿಕದ್ದು: ಹಿಂದುಗಡೆ ಪವರ್ ಕೇಬಲ್ ಚುಚ್ಚುವ ಕಡೆಯ ಬರಹವನ್ನು ಫೋಟೊ ತೆಗೆದು ಕಳಿಸೋಕೆ ಹೇಳಿ. "100–240 ವೋಲ್ಟ್, 50/60 ಹರ್ಟ್ಜ್" ಅಂತಿದ್ದರೆ ಕೇಬಲ್ ಬದಲಿಸಿದರೆ ಸಾಕು. "120 ವೋಲ್ಟ್" ಅಂತ ಮಾತ್ರ ಇದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಫ್ಯೂಸು, ಕೆಲವು ಸಲ ಅದರ ಹಿಂದಿನದೂ ಹೋಗುತ್ತೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಆಂಪ್ ಎಳೆಯುವುದಕ್ಕಿಂತ ಕನಿಷ್ಠ ಒಂದೂವರೆ ಪಟ್ಟು ರೇಟಿಂಗಿನದು ಬೇಕು. ಅದರದ್ದೇ ಮೂರ್ನಾಲ್ಕು ಕೆ.ಜಿ. ಭಾರ. ಹಗುರ ಆಂಪ್ ಕೊಂಡ ಉದ್ದೇಶ ಅಲ್ಲೇ ಮಣ್ಣುಪಾಲು. 120/230 ಬದಲಿಸುವ ಸ್ವಿಚ್ ಇರುವ ಮಾದರಿ ಆದರೆ ಪ್ಲಗ್ ಹಾಕುವ ಮೊದಲೇ ತಿರುಗಿಸಬೇಕು. ಒಂದೇ ಹೆಸರಿನ ಮಾದರಿ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ವೋಲ್ಟೇಜಿನಲ್ಲಿ ಬರೋದುಂಟು, ಹಾಗಾಗಿ ನಂಬಬೇಕಾದ್ದು ಆ ಪೆಟ್ಟಿಗೆಯ ಮೇಲಿನ ಬರಹವನ್ನೇ.

ಸೆಕೆಂಡ್ ಹ್ಯಾಂಡ್ ನೋಡುವಾಗ ಮಲ್ಟಿಮೀಟರ್, ನಿಮ್ಮದೇ ಬೇಸ್, ನಿಮ್ಮದೇ ಕೇಬಲ್, ಒಂದು ಎಕ್ಸ್‌ಎಲ್‌ಆರ್ ಕೇಬಲ್ ತಗೊಂಡು ಹೋಗಿ.

ಆಂಪ್ ಆಫ್ ಇರುವಾಗ ಜಾಲರಿ ತೆಗೆಯೋಕೆ ಬಂದರೆ ತೆಗೆದು, ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ನಯವಾಗಿ ಹೋಗಿ ಬರಬೇಕು. ಕರಕರ ಅಂದರೆ ಒಳಗಿನ ವಾಯ್ಸ್ ಕಾಯಿಲ್ (ಕೋನನ್ನು ಕುಣಿಸುವ ತಂತಿಸುರುಳಿ) ಉಜ್ಜುತ್ತಿದೆ. ಬಿಸಿಗೆ ಸೊಟ್ಟಗಾಗಿರುತ್ತೆ, ಅದಕ್ಕೆ ಸ್ಪೀಕರ್ ಬದಲಿಸೋದೇ ಮದ್ದು. ಸ್ಪೀಕರಿನ ಒಂದು ವೈರ್ ಬಿಚ್ಚಿ ಅಳೆದರೆ 8 ಓಮಿನದು ಮೀಟರಿನಲ್ಲಿ ಸುಮಾರು 5.5ರಿಂದ 7 ತೋರಿಸುತ್ತೆ, 4 ಓಮಿನದು 3ರಿಂದ 3.5. ಪೂರ್ತಿ ಓಪನ್ (ರೀಡಿಂಗೇ ಇಲ್ಲ) ಬಂದರೆ ಕಾಯಿಲ್ ಕಡಿದಿದೆ.

ಆಮೇಲೆ ಆನ್ ಮಾಡಿ, ಇ ತಂತಿಯ ಖಾಲಿ ಸ್ವರದಿಂದ ಹನ್ನೆರಡನೇ ಫ್ರೆಟ್ ತನಕ ಒಂದೊಂದೇ ಸ್ವರ, ಪ್ರತಿಯೊಂದನ್ನೂ ಮೂರು ಸೆಕೆಂಡ್ ಬಿಟ್ಟು, ವಾಲ್ಯೂಂ ಅರ್ಧದಲ್ಲಿ ನುಡಿಸಿ. ಒಂದೇ ಒಂದು ಸ್ವರಕ್ಕೆ ಟರ್ ಅಂದರೆ ಅದು ಸಾಮಾನ್ಯವಾಗಿ ಸ್ಪೀಕರ್ ಅಲ್ಲ, ಸಡಿಲ ಸ್ಕ್ರೂ, ಹಿಡಿಕೆ ಅಥವಾ ಜಾಲರಿ. ಕೈಯಿಂದ ಒಂದೊಂದನ್ನೇ ಒತ್ತಿ ಹಿಡಿದು ನೋಡಿದರೆ ಸಿಕ್ಕಿಬೀಳುತ್ತೆ. ಎಲ್ಲ ಸ್ವರಕ್ಕೂ ಒಂದೇ ಥರ ಹರಿದ ಶಬ್ದ ಇದ್ದರೆ ಕೋನ್ ಹರಿದಿದೆ ಅಥವಾ ಅಂಚಿನ ಅಂಟು ಬಿಟ್ಟಿದೆ.

ನಾಬ್ ತಿರುಗಿಸುವಾಗ ಕರ್ ಅಂದರೆ ಹೆದರಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರೆ ಬಹಳಷ್ಟು ಸಲ ಸರಿಹೋಗುತ್ತೆ. ಇನ್‌ಪುಟ್ ಜಾಕ್ ಹಾಗಲ್ಲ. ಕೇಬಲ್ ಚುಚ್ಚಿ ಸ್ವಲ್ಪ ಅಲ್ಲಾಡಿಸಿದಾಗ ಶಬ್ದ ಕಡಿದರೆ ಬೋರ್ಡಿಗೆ ಹಾಕಿದ ಬೆಸುಗೆ ಬಿರುಕು ಬಿಟ್ಟಿದೆ. ಬಲ್ಲವರಿಗೆ ಸಣ್ಣ ಕೆಲಸ, ಆದರೆ ಬೆಲೆ ಇಳಿಸೋಕೆ ಒಳ್ಳೆ ಕಾರಣ. ಎಕ್ಸ್‌ಎಲ್‌ಆರ್ ಔಟನ್ನು ಮಿಕ್ಸರಿಗೋ ರೆಕಾರ್ಡಿಂಗ್ ಇಂಟರ್ಫೇಸಿಗೋ ಹಾಕಿ ಕೇಳದೆ ದುಡ್ಡು ಕೊಡಬೇಡಿ. ಮಾರುವವರು ಇದನ್ನು ಮಾತ್ರ ತೋರಿಸೋದಿಲ್ಲ.

ಕರಾವಳಿಯಲ್ಲಿ ಬಳಸಿದ ಆಂಪಾದರೆ ಸ್ಕ್ರೂ ತಲೆ, ಜಾಕಿನ ಒಳಭಾಗ, ಸ್ಪೀಕರ್ ಚೌಕಟ್ಟಿನ ಅಂಚು ನೋಡಿ. ತುಕ್ಕು ಅಲ್ಲಿ ಮೊದಲು ಕಾಣುತ್ತೆ. ಪಾರ್ಟಿಕಲ್ ಬೋರ್ಡ್ ಪೆಟ್ಟಿಗೆ ತಳದಲ್ಲಿ ಉಬ್ಬಿದ್ದರೆ ಬಿಟ್ಟುಬಿಡಿ, ತೇವ ಕುಡಿದ ಬೋರ್ಡಿನಲ್ಲಿ ಸ್ಕ್ರೂ ನಿಲ್ಲೋದಿಲ್ಲ. ಮಳೆಗಾಲದಲ್ಲಿ ಸ್ಕೂಟರಿನಲ್ಲಿ ಒಯ್ದ ಮೇಲೆ ಹೊದಿಕೆ ತೆಗೆದು ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದಿನಗಟ್ಟಲೆ ಇಟ್ಟರೆ ಒಳಗೇ ಬೆವರುತ್ತೆ.

ಮಂದ್ರ

ಐದು ತಂತಿ: ಬಿ ತಂತಿ 31 ಹರ್ಟ್ಜ್. 12 ಇಂಚಿನ ಕಾಂಬೊದಲ್ಲಿ ಅದರ ತಳದ ಸ್ವರ ಇರೋದಿಲ್ಲ, 62ರದ್ದು ಕೇಳುತ್ತೆ, ಅಷ್ಟರಲ್ಲೇ ಹಾಡು ನಡೆಯುತ್ತೆ. ಅಪಾಯ ಬೇರೆ ಕಡೆ ಇದೆ. ಈ ಪೆಟ್ಟಿಗೆಗಳಿಗೆ ಒಂದು ತೂತು, ಅಂದರೆ ಪೋರ್ಟ್, ಇರುತ್ತೆ. ಅದನ್ನು ಟ್ಯೂನ್ ಮಾಡಿದ ಫ್ರೀಕ್ವೆನ್ಸಿಗಿಂತ ಕೆಳಗೆ ಒಳಗಿನ ಗಾಳಿ ಕೋನಿಗೆ ತಡೆ ಕೊಡೋದಿಲ್ಲ. ಕೋನ್ ಸಿಕ್ಕಾಪಟ್ಟೆ ಓಡುತ್ತೆ, ಶಬ್ದ ಮಾತ್ರ ಬರೋದಿಲ್ಲ. ಅದಕ್ಕೆ ಬೇಸಿಗೂ ಆಂಪಿಗೂ ನಡುವೆ ಒಂದು ಹೈಪಾಸ್ ಫಿಲ್ಟರ್ ಪೆಡಲ್ (ಇಟ್ಟ ಫ್ರೀಕ್ವೆನ್ಸಿಗಿಂತ ಕೆಳಗಿನದನ್ನು ಕತ್ತರಿಸುವುದು) ಹಾಕಿ, 35–40 ಹರ್ಟ್ಜಿಗೆ ಇಡಿ. ಕಿವಿಗೆ ಏನೂ ಕಳೆದುಹೋದ ಹಾಗೆ ಅನ್ನಿಸೋದಿಲ್ಲ, ಆಂಪ್ ಮಾತ್ರ ಇನ್ನೂ ಸ್ವಲ್ಪ ಜೋರಿಗೆ ಹರಿಯದೆ ಹೋಗುತ್ತೆ. ನಾಲ್ಕು ತಂತಿಯಲ್ಲೂ ಇದರ ಲಾಭ ಇದೆ. ಅಂಗೈ ತಂತಿಗೆ ತಾಗಿದಾಗ, ಹೆಬ್ಬೆರಳು ಪಿಕಪ್ಪಿಗೆ ಬಡಿದಾಗ ಬರುವ ಧಪ್‌ನಲ್ಲೂ ತೀರಾ ಕೆಳಗಿನ ಫ್ರೀಕ್ವೆನ್ಸಿಗಳಿರುತ್ತವೆ. ನನ್ನ ಮಟ್ಟಿಗೆ ಸಣ್ಣ ಆಂಪ್ ಇಟ್ಟುಕೊಂಡವರಿಗೆ ಕಂಪ್ರೆಸರ್‌ಗಿಂತ (ಜೋರು-ಮೆಲ್ಲಗಿನ ಅಂತರ ಕುಗ್ಗಿಸುವ ಪೆಡಲ್) ಮೊದಲು ಬೇಕಾದ ಪೆಡಲ್ ಇದು.

ಬ್ಯಾಟರಿಯದು: ರೋಲ್ಯಾಂಡ್ ಮೈಕ್ರೋ ಕ್ಯೂಬ್ ಬೇಸ್ ಆರ್‌ಎಕ್ಸ್‌ನಲ್ಲಿ ನಾಲ್ಕು 4 ಇಂಚಿನ ಸ್ಪೀಕರ್, ಆರು ಎಎ ಸೆಲ್ಲಿನಲ್ಲೂ ಓಡುತ್ತೆ. ಮನೆ ಅಭ್ಯಾಸಕ್ಕೆ, ಒಂದು ಅಕೂಸ್ಟಿಕ್ ಗಿಟಾರ್ ಜತೆಗೆ ಚೆನ್ನ. ಕಹೋನಿನ ಮುಂದೆ ಸೋಲುತ್ತೆ. ಪ್ರಾಕ್ಟೀಸಿನ ನಡುವೆ ಕರೆಂಟ್ ಹೋಗುವ ಚಿಂತೆ ಇದ್ದರೆ ಮನೆಯ ಇನ್ವರ್ಟರ್ ಸಾಕು, ಕ್ಲಾಸ್ ಡಿ ಆಂಪ್ ಹೆಚ್ಚೇನೂ ಎಳೆಯಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಹಿಂದೆ ಝೀ ಅನ್ನೋದು ಸೇರಿಕೊಳ್ಳುತ್ತೆ, ಪ್ಯೂರ್ ಸೈನ್ ವೇವ್ ಆದರೆ ಇಲ್ಲ.

ಗೋಡೆಮೂಲೆ

ಆಂಪ್ ಬದಲಿಸುವ ಮೊದಲು ಆ ಕೋಣೆಯನ್ನೂ ಒಮ್ಮೆ ಲೆಕ್ಕಕ್ಕೆ ತಗೊಳ್ಳಿ. 14 ಅಡಿ ಅಂದರೆ 4.27 ಮೀಟರ್. 30 ಡಿಗ್ರಿ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಅದನ್ನು ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ 41 ಹರ್ಟ್ಜ್, ಸರಿಯಾಗಿ ನಿಮ್ಮ ಖಾಲಿ ಇ ತಂತಿ. 12 ಅಡಿಗೆ ಅದೇ ಲೆಕ್ಕ 48 ಹರ್ಟ್ಜ್, ಅದೇ ತಂತಿಯ ಎರಡನೇ, ಮೂರನೇ ಫ್ರೆಟ್ಟಿನ ಆಸುಪಾಸು. ಅಂದರೆ ಗೋಡೆಗೆ ಒರಗಿ ನಿಂತವರಿಗೆ ಈ ಸ್ವರಗಳು ಗುಮ್ ಅಂತ ಎದೆಗೆ ಬಡಿಯುತ್ತವೆ, ಕೋಣೆಯ ನಟ್ಟನಡುವೆ ನಿಂತವರಿಗೆ ಅವೇ ಸ್ವರಗಳು ಮಾಯ. ನೀವು ನಡುವೆ ನಿಂತು ವಾಲ್ಯೂಂ ಏರಿಸ್ತೀರಿ, ಗೋಡೆಬದಿಯ ಕೀಬೋರ್ಡಿನವರು ಕಿವಿ ಮುಚ್ಚಿಕೊಳ್ತಾರೆ. ಈ ಜಗಳವನ್ನು ಯಾವ ಆಂಪೂ ಬಿಡಿಸೋದಿಲ್ಲ.

ಆಂಪನ್ನು ಮೂಲೆಯಲ್ಲಿ ಇಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಕೆಳಸ್ವರಗಳನ್ನು ಎತ್ತಿಕೊಡುತ್ತವೆ. ಬಯಲಲ್ಲಿ, ಕೆಫೆಯ ಅಂಗಳದಲ್ಲಿ ಇದು ಪುಕ್ಕಟೆ ಸಿಗುವ ವ್ಯಾಟ್. ನಿಮ್ಮ ಕೋಣೆಯಲ್ಲಿ ಇದೇ ಶತ್ರು. ಅಲ್ಲಿ ಮೂಲೆ ಬಿಟ್ಟು, ಉದ್ದನೆಯ ಗೋಡೆಯ ಮೂರನೇ ಒಂದು ಭಾಗದ ಹತ್ತಿರ ಇಡಿ. ನೀವೂ ನಟ್ಟನಡುವೆ ನಿಲ್ಲಬೇಡಿ, ಎರಡು ಹೆಜ್ಜೆ ಸರಿದರೆ ಸಾಕು. ಆಂಪನ್ನು ಹಿಂದಕ್ಕೆ ವಾಲಿಸಿ ಮುಖ ನಿಮ್ಮ ಕಿವಿಯ ಕಡೆ ತಿರುಗಿಸಿ. 12 ಇಂಚಿನ ಸ್ಪೀಕರಿನ ಮೇಲಿನ ಸ್ವರಗಳು ನೇರ ಮುಂದಕ್ಕೆ ಹೋಗುತ್ತವೆ. ನೆಲದ ಮೇಲೆ ನೆಟ್ಟಗೆ ಕೂರಿಸಿದರೆ ಅವು ನಿಮ್ಮ ಮೊಣಕಾಲಿಗೆ ಕೇಳುತ್ತವೆ, ಕಿವಿಗಲ್ಲ. ಕುರ್ಚಿಯ ಮೇಲೂ ಇಡಬಹುದು. ನೆಲದ ಸಹಾಯ ಕಡಿಮೆಯಾಗಿ ಗುಮ್ ಅನ್ನೋದು ಇಳಿಯುತ್ತೆ, ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ಅದೇ ನಡುಗೋಕೆ ಶುರು ಮಾಡುತ್ತೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋಕೆ ಯಾರಾದರೂ ಹೇಳಿದರೆ ಬೇಡ ಅನ್ನಿ. 41 ಹರ್ಟ್ಜಿನ ಅಲೆಯ ಉದ್ದ ಎಂಟೂವರೆ ಮೀಟರ್, ಎರಡಿಂಚಿನ ಟ್ರೇ ಅದಕ್ಕೆ ಲೆಕ್ಕಕ್ಕಿಲ್ಲ. ಮೂಲೆಗೆ ಹತ್ತಿ ಹಾಸಿಗೆ ಸುತ್ತಿ ನಿಲ್ಲಿಸಿದರೆ ಅದಕ್ಕಿಂತ ವಾಸಿ.

ಕಡಲತಂತಿ

ಇದು ನೂರಕ್ಕೆ ನೂರು ನಮ್ಮ ಕೋಣೆಯ ಕತೆ. ಇನ್ನೊಂದೇ ಉಂಟು. ಕೆಲವು ಹಾಲ್‌ಗಳಲ್ಲಿ ಆಂಪಿನಿಂದ ಮಿಕ್ಸರಿಗೆ ಲೈನ್ ಕೊಟ್ಟ ಕೂಡಲೇ ಗುಂಯ್ ಅಂತದೆ. ಪ್ಲಗ್ಗಿನ ಅರ್ತ್ ಪಿನ್ ತೆಗೆದರೆ ನಿಲ್ತದೆ ಅಂತ ಸೌಂಡ್‌ನವರು ಹೇಳ್ತಾರೆ. ಹಾಗೆ ಮಾಡಬಹುದಾ?

ಬೆಸುಗೆ

ಮಾಡಬಾರದು, ಯಾರೇ ಹೇಳಲಿ. ಆಂಪಿನೊಳಗೆ ಏನಾದರೂ ಶಾರ್ಟ್ ಆದ ದಿನ ಆ 230 ವೋಲ್ಟ್ ಸೀದಾ ನಿಮ್ಮ ಬೇಸಿನ ತಂತಿಗೆ ಬರುತ್ತೆ. ಕೈ ತಂತಿಯ ಮೇಲೆ, ತುಟಿ ಮೈಕಿಗೆ. ಮೈಕ್ ಮಿಕ್ಸರಿನ ಅರ್ತಿಗೆ ಸೇರಿರುತ್ತೆ, ಕರೆಂಟ್ ಎದೆಯ ಮೂಲಕ ಹಾದುಹೋಗುತ್ತೆ.

ಗುಂಯ್ ಬರೋದು ಆಂಪ್ ಒಂದು ಬೋರ್ಡಿನಿಂದ, ಮಿಕ್ಸರ್ ಇನ್ನೊಂದು ಬೋರ್ಡಿನಿಂದ ಕರೆಂಟ್ ತಗೊಂಡಾಗ. ಎರಡು ಅರ್ತ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತೆ, ಅದು ನಿಮ್ಮ ಎಕ್ಸ್‌ಎಲ್‌ಆರ್ ಕೇಬಲ್ಲಿನ ಶೀಲ್ಡ್ ಮೂಲಕ ಹರಿದು 50 ಹರ್ಟ್ಜಿನ ಗುಂಯ್ ಆಗುತ್ತೆ. ಮೊದಲು ಆಂಪಿನ ಪ್ಲಗ್ಗನ್ನು ಮಿಕ್ಸರ್ ಇರುವ ಬೋರ್ಡಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಮೂರು ತಂತಿಯದ್ದೇ ಆಗಿರಲಿ. ಹೋಗದಿದ್ದರೆ ಲೈನ್ ಔಟ್ ಪಕ್ಕದ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಎಕ್ಸ್‌ಎಲ್‌ಆರ್‌ನ ಒಂದನೇ ಪಿನ್ನನ್ನಷ್ಟೇ ಬಿಡಿಸುತ್ತೆ, ಪ್ಲಗ್ಗಿನ ಅರ್ತ್ ಹಾಗೇ ಇರುತ್ತೆ. ನಿಮ್ಮ ಆಂಪಿನಲ್ಲಿ ಆ ಸ್ವಿಚ್ ಇಲ್ಲದಿದ್ದರೆ ಒಂದು ಪ್ಯಾಸಿವ್ ಡಿಐ ಬಾಕ್ಸ್ (ವಾದ್ಯದ ಶಬ್ದವನ್ನು ಮಿಕ್ಸರಿಗೆ ಕಳಿಸುವ ಪುಟ್ಟ ಪೆಟ್ಟಿಗೆ) ತಗೊಳ್ಳಿ. ಬೇಸ್ ಮೊದಲು ಅದಕ್ಕೆ, ಅದರ ಥ್ರೂ ಜಾಕಿನಿಂದ ಆಂಪಿಗೆ, ಎಕ್ಸ್‌ಎಲ್‌ಆರ್ ಮಿಕ್ಸರಿಗೆ, ಲಿಫ್ಟ್ ಸ್ವಿಚ್ ಒತ್ತಿದ ಸ್ಥಿತಿಯಲ್ಲಿ. ಒಳಗಿನ ಟ್ರಾನ್ಸ್‌ಫಾರ್ಮರ್ ಎರಡೂ ಕಡೆಯನ್ನು ಬೇರ್ಪಡಿಸುತ್ತೆ.

ಕಾರ್ಯಕ್ರಮ ಶುರುವಾಗುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿ ಬೇಸಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ. ಒಂದೆರಡು ವೋಲ್ಟ್ ತೋರಿಸಿದರೆ ಸರಿ. 100ರ ಆಸುಪಾಸು ಬಂದರೆ ಎಲ್ಲೋ ಒಂದು ಕಡೆ ಅರ್ತ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಮೇನ್ಸಿನ ಅರ್ಧದಷ್ಟು ವೋಲ್ಟೇಜನ್ನು ಆಂಪಿನ ಲೋಹದ ಮೈಗೆ ತಂದಿಟ್ಟಿರುತ್ತವೆ. ಅದರಿಂದ ಜುಮ್ ಅನ್ನುತ್ತೆ ಅಷ್ಟೇ. ಆದರೆ ಅದೇ ರೀಡಿಂಗ್ ನಿಜವಾದ ಶಾರ್ಟಿನಿಂದಲೂ ಬರಬಹುದು, ಯಾವುದು ಅಂತ ಮುಟ್ಟಿ ನೋಡುವ ಹಾಗಿಲ್ಲ. ಬೇರೆ ಸಾಕೆಟ್ ಹುಡುಕಿ ಮತ್ತೆ ಅಳೆಯಿರಿ. ಇಡೀ ಹಾಲಿಗೇ ಅರ್ತ್ ಇಲ್ಲವಾದರೆ, ಜನರೇಟರಿನಿಂದ ಎಳೆದಿದ್ದರೆ ವಿಶೇಷವಾಗಿ, ಎಲೆಕ್ಟ್ರಿಷಿಯನ್ ಬಂದು ಅರ್ತ್ ರಾಡ್ ಕೊಡುವ ತನಕ ಪ್ಲಗ್ ಹಾಕಬೇಡಿ.

ಇನ್ನೊಂದು. ಲೈನ್ ಔಟ್ ಹತ್ತಿರ ಪ್ರೀ/ಪೋಸ್ಟ್ ಸ್ವಿಚ್ ಇದ್ದರೆ ಪ್ರೀ (ಟೋನ್ ನಾಬ್‌ಗಳಿಗಿಂತ ಮೊದಲಿನ ಶಬ್ದ) ಕಡೆ ಇಡಿ. ಪೋಸ್ಟ್‌ನಲ್ಲಿದ್ದರೆ ನೀವು ನಿಮ್ಮ ಕಿವಿಗೆ ಅಂತ ಟೋನ್ ತಿರುಗಿಸಿದಾಗಲೆಲ್ಲ ಹಾಲಿನ ಶಬ್ದವೂ ಬದಲಾಗುತ್ತೆ, ಆಮೇಲೆ ಸೌಂಡ್‌ನವರು ನಿಮ್ಮನ್ನು ನೋಡುವ ನೋಟವೂ ಬದಲಾಗುತ್ತೆ.

ಕಡಲತಂತಿ

ಸರಿ. 12 ಇಂಚು, 100 ವ್ಯಾಟ್, ಎಕ್ಸ್‌ಎಲ್‌ಆರ್ ಮತ್ತು ಗ್ರೌಂಡ್ ಲಿಫ್ಟ್ ಇರುವಂಥದ್ದು ಇಲ್ಲಿಯೇ ನೋಡ್ತೇನೆ, ಅಮೆರಿಕದ್ದು ಬೇಡ. ಉಳಿದ ದುಡ್ಡಿನಲ್ಲಿ ಮೊದಲು ಡಿಐ ಬಾಕ್ಸಾ, ಹೈಪಾಸ್ ಪೆಡಲ್ಲಾ?

ಮಂದ್ರ

ಆಂಪಿನಲ್ಲಿ ಲೈನ್ ಔಟೂ ಲಿಫ್ಟೂ ಇದ್ದರೆ ಹೈಪಾಸ್ ಮೊದಲು. ಡಿಐ ಬಾಕ್ಸ್ ಹೆಚ್ಚಿನ ಸೌಂಡ್‌ನವರ ಪೆಟ್ಟಿಗೆಯಲ್ಲಿ ಒಂದಾದರೂ ಇರುತ್ತೆ.